ತುಕ್ಕು ಬಿಡಿಸುವ ಲೇಹ್ಯ

ನಮ್ಮ ಚಿಕ್ಕಪ್ಪ ಟೈಪಿಸ್ಟ್ ಆಗಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವರನ್ನೇ ಕೇಳಿದ್ದರೆ ಅವರು ಹೇಳುತ್ತಿರಲಿಲ್ಲ. ಹೆಸರಘಟ್ಟದ ಕಡೆ ಹಣ್ಣುಹಂಪಲುಗಳ ಬಗ್ಗೆ ಸಂಶೋಧನೆ ಮಾಡುವ ಒಂದು ಕಚೇರಿಯಲ್ಲಿ ಅವರಿಗೆ ಕೆಲಸ. ಓದಿದವರು ಕೈಯಲ್ಲಿ ಬರೆದು ಕೊಟ್ಟದ್ದನ್ನು ಇವರು ಟೈಪು ಮಾಡಿಕೊಡಬೇಕು, ಅಷ್ಟೇ. ವರ್ಷಗಟ್ಟಲೆ ಬೇರೆಯವರ ಇಂಗ್ಲಿಷನ್ನು ಕುಟ್ಟಿ ಕುಟ್ಟಿ, ಆ ವಿಜ್ಞಾನವೆಲ್ಲ ಬೆರಳಿನ ತುದಿಯಿಂದ ಹತ್ತಿ ತಲೆಗೆ ಹೋಗಿ ಕೂತಿದೆ ಎಂದು ಅವರಿಗೆ ನಂಬಿಕೆ ಬಂದುಬಿಟ್ಟಿತ್ತು. ಮದುವೆಮನೆಗಳಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ "ರಿಸರ್ಚ್" ಎಂದು ಹೇಳಿ, ಮುಂದಿನ ಪ್ರಶ್ನೆ ಬರುವ ಮೊದಲೇ ಎಲೆ ಹಾಕಿದ್ದಾರಾ ನೋಡಲು ಎದ್ದು ಹೋಗುತ್ತಿದ್ದರು.

ಅವರ ಮನೆ ಯಶವಂತಪುರದಲ್ಲಿ. ನಾವಿದ್ದದ್ದು ಗಂಗಾನಗರದಲ್ಲಿ. ಭಾನುವಾರ ಬಂತೆಂದರೆ ಬೆಳಗಿನ ತಿಂಡಿಯ ಹೊತ್ತಿಗೆ ಸರಿಯಾಗಿ ನಮ್ಮ ಬಾಗಿಲಲ್ಲಿ ಅವರ ಚಪ್ಪಲಿ ಇರುತ್ತಿತ್ತು. ದೋಸೆ ತಿನ್ನುತ್ತ ಅಪ್ಪನಿಗೆ ಆ ವಾರದ ವಿಜ್ಞಾನ ಹೇಳುವುದು ಅವರ ಕ್ರಮ. ಅಪ್ಪ ಅದನ್ನು ಬಾಯಿ ತೆರೆದುಕೊಂಡು ಕೇಳುವರು. ನನಗೆ ಆಗ ಇಪ್ಪತ್ತೈದರ ಆಸುಪಾಸು, ಆರ್.ಟಿ. ನಗರದ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಮನೆಯಲ್ಲಿ ಇನ್ನೂ ಮದುವೆಯಾಗದ ಮಗಳ ಮಾತಿಗೆ ಎಷ್ಟು ಬೆಲೆ ಇರುತ್ತದೋ ಅಷ್ಟೇ ಬೆಲೆ ನನ್ನ ಮಾತಿಗೂ ಇತ್ತು.

ಅಪ್ಪನ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಅವರು ಯಂತ್ರಗಳನ್ನು ತಯಾರಿಸುವ ಒಂದು ದೊಡ್ಡ ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ವಿಭಾಗದ ಮೇಲ್ವಿಚಾರಕರು, ಅಲ್ಲಿನ ಭಾಷೆಯಲ್ಲಿ ಚಾರ್ಜ್‌ಮನ್. ತಯಾರಾದ ಯಂತ್ರವನ್ನು ಒರೆಸಿ, ಅದಕ್ಕೆ ಗ್ರೀಸು ಬಳಿದು, ಎಣ್ಣೆಕಾಗದ ಸುತ್ತಿ, ಮರದ ಪೆಟ್ಟಿಗೆಯೊಳಗೆ ಕೂರಿಸಿ ಕಳಿಸುವ ವಿಭಾಗ ಅದು. ಯಂತ್ರ ಕಲ್ಕತ್ತೆಗೇ ಹೋಗಲಿ, ರಷ್ಯಾಕ್ಕೇ ಹೋಗಲಿ, ಪೆಟ್ಟಿಗೆ ಬಿಚ್ಚಿದಾಗ ಒಂದು ಚುಕ್ಕೆ ತುಕ್ಕು ಕಾಣಬಾರದು. ಮೂವತ್ತು ವರ್ಷ ಅವರು ಮಾಡಿದ್ದು ಇದೊಂದೇ ಕೆಲಸ, ಮತ್ತು ಅದನ್ನು ಚೆನ್ನಾಗಿ ಮಾಡಿದ್ದರು. ಮನೆಯಲ್ಲೂ ಅದೇ ಗೀಳು. ಕಿಟಕಿಯ ಸರಳು, ಗೇಟಿನ ಅಗುಳಿ, ಅಮ್ಮನ ಈಳಿಗೆಮಣೆ, ಎಲ್ಲದರ ಮೇಲೂ ಅವರ ಎಣ್ಣೆಬಟ್ಟೆ ಓಡಾಡುತ್ತಿತ್ತು. ನಮ್ಮ ಮನೆಯ ಗೇಟನ್ನು ತೆಗೆದವರೆಲ್ಲ ಕೈಯನ್ನು ಮೂಸಿ ನೋಡಿಕೊಂಡೇ ಒಳಗೆ ಬರುತ್ತಿದ್ದರು.

ಎಂಬತ್ತರ ದಶಕದ ನಡುವಿನ ಆ ವರ್ಷ ಅಪ್ಪನಿಗೆ ಐವತ್ತೆಂಟು ತುಂಬುವುದಿತ್ತು. ಅದು ಶಾಲೆಯ ದಾಖಲೆಯ ಪ್ರಕಾರ. ನಿಜವಾಗಿ ಎಷ್ಟು ಎಂಬುದು ಹೆತ್ತ ಅಜ್ಜಿಗೂ ಗೊತ್ತಿರಲಿಲ್ಲ, "ಪ್ಲೇಗು ಹೋದ ಮೇಲೆ ಹುಟ್ಟಿದ್ದು" ಎನ್ನುತ್ತಿದ್ದಳು. ಐವತ್ತೆಂಟಕ್ಕೆ ನಿವೃತ್ತಿ. ಆದರೆ ಕೆಲಸ ಬಲ್ಲ ಕೆಲವರಿಗೆ ಎರಡು ವರ್ಷ ವಿಸ್ತರಣೆ ಕೊಡುವ ಪದ್ಧತಿ ಕಾರ್ಖಾನೆಯಲ್ಲಿತ್ತು. ಅಪ್ಪನ ಮೇಲಧಿಕಾರಿ ಒಪ್ಪಿಗೆ ಕೊಟ್ಟಾಗಿತ್ತು. ಇನ್ನು ಬೇಕಾಗಿದ್ದದ್ದು ಕಾರ್ಖಾನೆಯ ಡಾಕ್ಟರು ಪರೀಕ್ಷೆ ಮಾಡಿ 'ಆರೋಗ್ಯವಾಗಿದ್ದಾರೆ' ಎಂದು ಹಾಕುವ ಒಂದು ಸಹಿ ಮಾತ್ರ. ನಿವೃತ್ತಿಯ ದಿನದೊಳಗೆ ಆ ಸಹಿ ಬೀಳಬೇಕು. ದಿನ ದಾಟಿದರೆ ಮುಗಿಯಿತು.

ಆ ಎರಡು ವರ್ಷಕ್ಕಾಗಿ ಅಪ್ಪ ಜೀವ ಬಿಡುತ್ತಿದ್ದರು. ಸಂಬಳದ ಆಸೆ ಎಂದು ನೆಂಟರು ಆಡಿಕೊಂಡರು, ಅದು ಸುಳ್ಳು. ಅಪ್ಪನಿಗೆ ಇದ್ದದ್ದು ಹೆದರಿಕೆ. ಅವರ ಜೊತೆಯಲ್ಲೇ ಕೆಲಸಕ್ಕೆ ಸೇರಿದ್ದ ಇಬ್ಬರು ಸ್ನೇಹಿತರು ನಿವೃತ್ತರಾದ ವರ್ಷದೊಳಗೆ ತೀರಿಕೊಂಡಿದ್ದರು. ಒಬ್ಬರು ಹಾರ ಹಾಕಿಸಿಕೊಂಡು ಮನೆಗೆ ಬಂದವರು ಮುಂದಿನ ಯುಗಾದಿ ನೋಡಲಿಲ್ಲ. "ಯಂತ್ರ ಓಡ್ತಾ ಇದ್ರೆ ಏನೂ ಆಗಲ್ಲ ಕಣಮ್ಮ, ನಿಲ್ಸಿದ್ರೇನೇ ತುಕ್ಕು ಹಿಡಿಯೋದು" ಎಂದು ಅಪ್ಪ ನನಗೆ ಹೇಳಿದ್ದರು. ಎರಡು ವರ್ಷ ಕೆಲಸ ಸಿಕ್ಕಿದರೆ ಎರಡು ವರ್ಷ ಆಯಸ್ಸು ಸಿಕ್ಕಿದ ಹಾಗೆ ಎಂದೇ ಅವರ ಲೆಕ್ಕ.

ತುಕ್ಕು ಎಂಬ ಈ ಮಾತು ಚಿಕ್ಕಪ್ಪನ ಕಿವಿಗೂ ಬಿತ್ತು. ಅಲ್ಲಿಂದ ಶುರುವಾಯಿತು ನಮ್ಮ ಗ್ರಹಚಾರ.

"ಅಣ್ಣ, ಕಬ್ಬಿಣಕ್ಕೆ ತುಕ್ಕು ಯಾಕ್ ಹಿಡಿಯುತ್ತೆ ಹೇಳು?" ಎಂದರು ಒಂದು ಭಾನುವಾರ, ಎರಡನೇ ದೋಸೆಯ ಮೇಲೆ ಚಟ್ನಿ ಹಾಕಿಸಿಕೊಳ್ಳುತ್ತ.

"ಗಾಳಿ, ನೀರು ತಾಗಿದ್ರೆ" ಎಂದರು ಅಪ್ಪ.

"ಆ ಗಾಳೀನೇ ತಾನೇ ನಾವೂ ಉಸಿರಾಡೋದು? ಆ ನೀರೇ ತಾನೇ ಕುಡಿಯೋದು? ಮತ್ತೆ ಒಳಗಡೆ ತುಕ್ಕು ಹಿಡಿಯಲ್ವಾ? ಅದನ್ನೇ ಅಣ್ಣ ಮುಪ್ಪು ಅನ್ನೋದು. ಆಕ್ಸಿಡೇಷನ್! ಅದಕ್ಕೆ ಔಷಧಿ ಏನು? ಆಂಟಿ ಆಕ್ಸಿಡೆಂಟ್! ಎಲ್ಲಾ ನೆಲ್ಲಿಕಾಯಿ ಒಳಗೆ ಇದೆ, ದ್ರಾಕ್ಷಿ ಸಿಪ್ಪೆ ಒಳಗೆ ಇದೆ, ಬೀಜದ ಒಳಗೆ ಇದೆ. ನಾವೆಲ್ಲ ಉಗಿದು ಬಿಸಾಕ್ತೀವಿ."

ಹಣ್ಣನ್ನು ಕೆಡದಂತೆ ಇಡುವುದು ಹೇಗೆ ಎಂಬ ಬಗ್ಗೆ ಅವರು ಆ ವಾರ ಏನೋ ಟೈಪು ಮಾಡಿದ್ದರು ಎಂಬುದು ಆಮೇಲೆ ತಿಳಿಯಿತು. ಡಬ್ಬಿಯಲ್ಲಿಟ್ಟ ಹಣ್ಣಿಗೆ ಹೇಳಿದ್ದನ್ನು ತಂದು ಸ್ವಂತ ಅಣ್ಣನಿಗೆ ಅನ್ವಯಿಸಿದರು. ಬೇರೆ ಯಾವ ಮನೆಯಲ್ಲಾದರೂ ಇಂಥ ಮಾತನ್ನು ಕೇಳಿ ನಕ್ಕು ಕಾಫಿ ಕುಡಿದು ಎದ್ದುಬಿಡುತ್ತಿದ್ದರು. ಆದರೆ ಮೂವತ್ತು ವರ್ಷ ತುಕ್ಕಿನ ಮೇಲೆ ಯುದ್ಧ ಮಾಡಿದ ಮನುಷ್ಯನಿಗೆ ಬಂದು 'ಮುಪ್ಪು ಎಂದರೆ ತುಕ್ಕು' ಎಂದು ಹೇಳಿದರೆ ಏನಾಗುತ್ತದೆ? ಅಪ್ಪನ ಮುಖ ಅರಳಿತು. ತುಕ್ಕಾದರೆ ಅವರಿಗೆ ಗೊತ್ತು. ತುಕ್ಕನ್ನು ಅವರು ಸೋಲಿಸಬಲ್ಲರು.

ಹೀಗೆ ನಮ್ಮ ಅಡುಗೆಮನೆ ಔಷಧಾಲಯವಾಯಿತು. ಹೆಬ್ಬಾಳದ ತೋಟಗಳಿಂದ ಬುಟ್ಟಿಗಟ್ಟಲೆ ಕಪ್ಪು ದ್ರಾಕ್ಷಿ ಬರುತ್ತಿದ್ದ ಕಾಲ ಅದು. ಆ ದ್ರಾಕ್ಷಿಯ ಸಿಪ್ಪೆ ದಪ್ಪ. ತಿರುಳು ಹೀರಿ ಸಿಪ್ಪೆ ಬೀಜ ಉಗಿಯುವುದೇ ಅದನ್ನು ತಿನ್ನುವ ಕ್ರಮ. ಚಿಕ್ಕಪ್ಪ ಒಂದು ತಟ್ಟೆ ಇಟ್ಟು ಎಲ್ಲರೂ ಅದರೊಳಗೇ ಉಗಿಯಿರಿ, ಒಣಗಿಸೋಣ ಎಂದರು. ಅಮ್ಮ ಸೌಟು ಹಿಡಿದುಕೊಂಡೇ ಆಚೆ ಬಂದಳು.

"ಎಂಜಲು ಒಣಗ್ಸಿ ನನ್ನ ಗಂಡಂಗೆ ತಿನ್ನಿಸ್ತೀಯೇನಪ್ಪ? ಇದೇನಾ ನಿಮ್ ಆಫೀಸಲ್ಲಿ ಹೇಳ್ಕೊಡೋದು?"

"ಅತ್ತಿಗೆ, ಸೈನ್ಸಲ್ಲಿ ಎಂಜಲು ಅಂತ ಇಲ್ಲ."

"ನಿನ್ ಸೈನ್ಸು ನಿನ್ ಮನೇಲಿ ಇಟ್ಕೋ. ನನ್ ಅಡುಗೆಮನೇಲಿ ಎಂಜಲು ಇದೆ."

ಕೊನೆಗೆ ಒಪ್ಪಂದವಾಯಿತು. ಕೈಯಲ್ಲಿ ಸಿಪ್ಪೆ ಸುಲಿದು, ಬೀಜ ಬೇರೆ ಮಾಡಿ ಒಣಗಿಸುವುದು. ಯಾರು ಸುಲಿಯಬೇಕು? ನಾನು. ಮಹಡಿಯ ಮೇಲೆ ಹಳೆಯ ಪಂಚೆ ಹಾಸಿಕೊಂಡು, ಉಗುರೆಲ್ಲ ನೇರಳೆ ಬಣ್ಣ ಮಾಡಿಕೊಂಡು, ಅಪ್ಪನ ಯೌವನಕ್ಕಾಗಿ ದ್ರಾಕ್ಷಿ ಸುಲಿದೆ. ಸೋಮವಾರ ಶಾಲೆಯಲ್ಲಿ ಹುಡುಗಿಯರು ನನ್ನ ಉಗುರನ್ನೇ ನೋಡುತ್ತಿದ್ದರು. ಚಿಕ್ಕಪ್ಪ ಮಾತ್ರ ಒಂದು ಹಣ್ಣನ್ನೂ ಸುಲಿಯಲಿಲ್ಲ. ಅವರು ಮೇಲ್ವಿಚಾರಣೆ ನೋಡಿಕೊಂಡರು, ಮತ್ತು ಉಳಿದ ತಿರುಳನ್ನೆಲ್ಲ ತಿಂದರು.

ಮೊದಲ ಸಲ ಸ್ಟೀಲ್ ಪಾತ್ರೆಯಲ್ಲಿ ಮಾಡಿದರು. ನೆಲ್ಲಿಕಾಯಿ ಬೇಯಿಸಿ, ಬೆಲ್ಲ ಹಾಕಿ, ದ್ರಾಕ್ಷಿ ಸಿಪ್ಪೆಯ ಪುಡಿ, ಬೀಜದ ಪುಡಿ, ನುಗ್ಗೆಸೊಪ್ಪಿನ ಪುಡಿ ಹಾಕಿ ಕಾಸಿದ ಮೇಲೆ ಬಂದದ್ದು ಹುಣಸೆ ತೊಕ್ಕಿನ ಬಣ್ಣದ ಒಂದು ಮುದ್ದೆ. ಚಿಕ್ಕಪ್ಪನಿಗೆ ಅದು ಹಿಡಿಸಲಿಲ್ಲ. ಔಷಧಿಯ ಗಾಂಭೀರ್ಯ ಅದಕ್ಕಿಲ್ಲ ಎಂದು ಅವರ ಅಭಿಪ್ರಾಯ. ಮುಂದಿನ ಸಲ ಹೆಚ್ಚಾಗಿ ಮಾಡೋಣ ಎಂದು ಅಟ್ಟದ ಮೇಲಿದ್ದ ಅಜ್ಜಿಯ ಕಾಲದ ದೊಡ್ಡ ಕಬ್ಬಿಣದ ಬಾಣಲೆಯನ್ನು ಇಳಿಸಿಕೊಂಡರು.

"ಹುಳಿ ಪದಾರ್ಥ ಕಬ್ಬಿಣದ ಬಾಂಡ್ಲೀಲಿ ಇಟ್ರೆ ಕಪ್ಪಗಾಗುತ್ತೆ" ಎಂದಳು ಅಮ್ಮ.

ಕಪ್ಪಗಾಯಿತು. ಕಾಡಿಗೆಯಷ್ಟು ಕಪ್ಪು, ಹೊಳೆಯುವ ಕಪ್ಪು. ಚಿಕ್ಕಪ್ಪ ಸೌಟಿನಿಂದ ಎತ್ತಿ ಬೆಳಕಿಗೆ ಹಿಡಿದು, "ನೋಡಿದ್ರಾ ಅತ್ತಿಗೆ? ಸತ್ವ ಎಲ್ಲಾ ಈಚೆಗೆ ಬಂತು" ಎಂದರು. ತಳ ಹಿಡಿದದ್ದನ್ನೂ ಬಿಡದೆ ಕೆರೆಕೆರೆದು ಬರಣಿಗೆ ತುಂಬಿದರು.

ಪಕ್ಕದ ಮನೆಯಲ್ಲಿ ಉರ್ದು ಮಾತಾಡುವ ಒಂದು ಕುಟುಂಬವಿತ್ತು. ಆ ಮನೆಯ ಹಿರಿಯ ಹೆಂಗಸನ್ನು ನಾವೂ ಖಾಲಾ ಎಂದೇ ಕರೆಯುತ್ತಿದ್ದೆವು. ಅವರು ಬಾಣಲೆಯೊಳಗೆ ಬಗ್ಗಿ ನೋಡಿ, "ಅರೆ, ಇದು ತಲೆಗೆ ಹಚ್ಚೋದಲ್ವಾ? ತಿನ್ನೋಕಾ ಮಾಡಿದ್ದು?" ಎಂದು ಕೇಳಿದರು. ನಿಜವೇ. ನೆಲ್ಲಿಕಾಯನ್ನು ಕಬ್ಬಿಣದಲ್ಲಿ ಕಪ್ಪಗೆ ಮಾಡಿ ಮೆಹಂದಿಯ ಜೊತೆ ಕಲಸಿ ನರೆಗೂದಲಿಗೆ ಹಚ್ಚುವುದು ಆ ಬೀದಿಯ ಹೆಂಗಸರಿಗೆಲ್ಲ ಗೊತ್ತಿತ್ತು. ತಲೆತಲಾಂತರದಿಂದ ಹೆಂಗಸರು ಹೊರಗೆ ಹಚ್ಚಿಕೊಂಡು ಬಂದದ್ದನ್ನು ಒಳಗೆ ಇಳಿಸುವುದಕ್ಕೆ ಇಂಗ್ಲಿಷ್ ಟೈಪು ಮಾಡುವ ಗಂಡಸೇ ಬರಬೇಕಾಯಿತು. ಖಾಲಾ ಒಂದು ಬಟ್ಟಲು ಕೇಳಿ ಇಸಿದುಕೊಂಡು ಹೋದರು. ಮುಂದಿನ ವಾರ ಅವರ ತಲೆ ಬಲು ಚೆನ್ನಾಗಿ ಕಾಣುತ್ತಿತ್ತು. ಆ ಲೇಹ್ಯದಿಂದ ವಯಸ್ಸು ಕಮ್ಮಿಯಾಗಿ ಕಂಡದ್ದು ನನಗೆ ತಿಳಿದಂತೆ ಅವರೊಬ್ಬರೇ.

ಅಪ್ಪ ಬೆಳಿಗ್ಗೆ ಒಂದು ದೊಡ್ಡ ಚಮಚ, ರಾತ್ರಿ ಒಂದು ದೊಡ್ಡ ಚಮಚ ನೆಕ್ಕಿದರು. ಹಲ್ಲು ಕಪ್ಪಾಯಿತು, ಉಜ್ಜಿ ಉಜ್ಜಿ ತೆಗೆದರು. ಕೆಲವು ದಿನಗಳಾದ ಮೇಲೆ ಒಂದು ಭಾನುವಾರ ತಮ್ಮನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಏನೋ ಪಿಸುಗುಟ್ಟಿದರು. ಚಿಕ್ಕಪ್ಪನಿಗೆ ಪಿಸುಗುಟ್ಟಲು ಬರುತ್ತಿರಲಿಲ್ಲ.

"ಕಪ್ಪಗೆ ಹೋಗ್ತಾ ಇದ್ಯಾ? ಸೂಪರ್ ಅಣ್ಣ! ಅದೇ ತುಕ್ಕು ಕಣೋ. ಐವತ್ತೆಂಟು ವರ್ಷದ ತುಕ್ಕು ಈಚೆ ಬರ್ತಾ ಇದೆ. ಕೆಂಪು ಬಣ್ಣ ಬಂದ್ರೆ ಹೆದರ್ಕೋಬೇಕು, ಕಪ್ಪು ಬಂದ್ರೆ ಒಳ್ಳೇದು."

ಅಪ್ಪ ಹಿತ್ತಿಲಿನಿಂದ ಎದೆಯುಬ್ಬಿಸಿಕೊಂಡು ಬಂದರು. ಇಂಥದ್ದನ್ನು ನಂಬಲು ಒಬ್ಬ ಮನುಷ್ಯನಿಗೆ ಎಷ್ಟು ಭಯವಾಗಿರಬೇಕು ಎಂದು ಈಗ ಯೋಚಿಸುತ್ತೇನೆ. ಆಗ ನನಗೆ ಬಂದದ್ದು ಬರೀ ಅಸಹ್ಯ.

ಈಗಲೂ ನನಗೆ ಈ ಜಾತಿಯ ಮಾತು ಕೇಳಿದರೆ ಮೈ ಉರಿಯುತ್ತದೆ. ನಾನು ಬೆಳಿಗ್ಗೆ ನಡೆಯಲು ಹೋಗುವ ಪಾರ್ಕಿನಲ್ಲಿ ನನ್ನ ವಯಸ್ಸಿನ ಹೆಂಗಸರು ದ್ರಾಕ್ಷಿ ಬೀಜದ ಕ್ಯಾಪ್ಸೂಲು ನುಂಗುತ್ತಾರೆ. ಡಬ್ಬಿಯ ಮೇಲೆ ಚಿಕ್ಕಪ್ಪ ಹೇಳುತ್ತಿದ್ದ ಅದೇ ಪದ, ಈಗ ಚಿನ್ನದ ಅಕ್ಷರದಲ್ಲಿ. ದ್ರಾಕ್ಷಿಯನ್ನು ದ್ರಾಕ್ಷಿಯಾಗಿ ತಿನ್ನಿ, ನೆಲ್ಲಿಕಾಯಿಗೆ ಉಪ್ಪು ಹಚ್ಚಿಕೊಂಡು ತಿನ್ನಿ, ಯಾರು ಬೇಡ ಎಂದರು? ಡಬ್ಬಿಗೆ ಹಾಕಿದ ತಕ್ಷಣ ಅದು ಯಮನಿಗೆ ಕೊಡುವ ಲಂಚವಾಗಿಬಿಡುತ್ತದೆ. "ಇದರಿಂದ ಏನಾಯ್ತು ನಿಮಗೆ?" ಎಂದು ಒಬ್ಬಾಕೆಯನ್ನು ಕೇಳಿದೆ. "ಒಳಗಡೆ ಕೆಲಸ ಮಾಡುತ್ತೆ ಕಣ್ರೀ, ಹೊರಗೆ ಕಾಣಲ್ಲ" ಎಂದರು. ಒಳಗಡೆ ಅದು ಏನು ಕೆಲಸ ಮಾಡೀತು ಎಂಬುದನ್ನು ನನ್ನ ಹಾಗೆ ನೋಡಿದವರು ಕಮ್ಮಿ.

ವೈದ್ಯಕೀಯ ಪರೀಕ್ಷೆಯ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು. ನಿವೃತ್ತಿಗೆ ಇನ್ನೂ ಕೆಲವು ವಾರಗಳಿದ್ದವು. ಸಂಜೆ ಕಾರ್ಖಾನೆಯ ಬಸ್ಸಿನಿಂದ ಇಳಿದವರು ಚಪ್ಪಲಿ ಬಿಡದೆ ಕಟ್ಟೆಯ ಮೇಲೆ ಕೂತರು. ಏನಾಯಿತು ಎಂದು ಅಮ್ಮ ಬಿಡದೆ ಕೇಳಿದ ಮೇಲೆ ಹೇಳಿದರು. ರಕ್ತದೊತ್ತಡ ಸರಿಯಾಗಿತ್ತು, ಎದೆ ಸರಿಯಾಗಿತ್ತು, ಕಣ್ಣು ಸರಿಯಾಗಿತ್ತು. ಎಲ್ಲ ಮುಗಿಸಿ ಪೆನ್ನು ಎತ್ತಿಕೊಂಡ ಡಾಕ್ಟರು, ಎಲ್ಲರನ್ನೂ ಕೇಳುವ ಹಾಗೆ, ಮೋಷನ್ ಹೇಗೆ ಆಗುತ್ತೆ ಎಂದು ಕೇಳಿದರಂತೆ. ಅಪ್ಪ ಹೆಮ್ಮೆಯಿಂದ "ಕಪ್ಪಗೆ, ಚೆನ್ನಾಗಿ ಆಗುತ್ತೆ ಸಾರ್" ಎಂದರಂತೆ.

ಡಾಕ್ಟರು ಪೆನ್ನು ಕೆಳಗಿಟ್ಟರು. ಎಷ್ಟು ದಿನದಿಂದ? ಹೊಟ್ಟೆನೋವು ಇದೆಯಾ? ಕಬ್ಬಿಣದ ಮಾತ್ರೆ ತಗೊಳ್ತಿದೀರಾ? ಬೇರೆ ಏನಾದರೂ ಔಷಧಿ, ನಾಟಿ ಮದ್ದು? ಅಪ್ಪ ಎಲ್ಲದಕ್ಕೂ ಇಲ್ಲ ಎಂದರು. ಹೊಟ್ಟೆಯೊಳಗೆ ಎಲ್ಲೋ ಹುಣ್ಣಾಗಿ ರಕ್ತ ಸೋರುತ್ತಿರಬಹುದು, ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ ವರದಿ ತನ್ನಿ, ಅಲ್ಲಿಯವರೆಗೆ ಸಹಿ ಹಾಕಲಾಗುವುದಿಲ್ಲ ಎಂದು ಡಾಕ್ಟರು ಕಳಿಸಿಬಿಟ್ಟರು.

"ಲೇಹ್ಯ ತಿಂತೀನಿ ಅಂತ ಯಾಕೆ ಹೇಳ್ಲಿಲ್ಲ?" ಎಂದೆ.

ಅಪ್ಪನಿಗೆ ಸಿಟ್ಟು ಬಂತು. "ಔಷಧಿ ತಿಂತೀನಿ ಅಂದ್ರೆ ಯಾವ ಕಾಯಿಲೆಗೆ ಅಂತ ಕೇಳ್ತಾರೆ. ಏನ್ ಹೇಳ್ಲಿ? ವಯಸ್ಸಾಗ್ಬಾರ್ದು ಅಂತ ತಿಂತಿದೀನಿ ಸಾರ್ ಅನ್ಲಾ? ಎರಡು ವರ್ಷ ಕೆಲಸ ಮಾಡೋ ಶಕ್ತಿ ಇದೆ ಅಂತ ಹೇಳೋಕೆ ಹೋದವನು, ಮುದುಕ ಆಗ್ತೀನಿ ಅನ್ನೋ ಭಯಕ್ಕೆ ಲೇಹ್ಯ ನೆಕ್ತೀನಿ ಅನ್ಲಾ?"

ಆ ಕಪ್ಪು ತುಕ್ಕೂ ಅಲ್ಲ, ರಕ್ತವೂ ಅಲ್ಲ, ಲೇಹ್ಯದ್ದೇ ಬಣ್ಣ ಎಂದು ಮನೆಯಲ್ಲಿ ಯಾರಿಗೂ ಹೊಳೆಯಲೂ ಇಲ್ಲ. ಹುಣ್ಣು ಎಂಬ ಮಾತು ಕೇಳಿದ್ದೇ ಅಮ್ಮ ದೇವರ ಮುಂದೆ ಹೋಗಿ ಕೂತಳು. ಅವಳ ಮನಸ್ಸಿನಲ್ಲಿದ್ದದ್ದು ಹುಣ್ಣಿಗಿಂತ ದೊಡ್ಡ ಕಾಯಿಲೆ, ಬಾಯಲ್ಲಿ ಹೇಳದ ಕಾಯಿಲೆ. ಚಿಕ್ಕಪ್ಪ ಸುದ್ದಿ ಕೇಳಿ ಬಂದು, ಹುಣ್ಣಿಗೂ ಲೇಹ್ಯ ಒಳ್ಳೆಯದು, ಪ್ರಮಾಣ ಹೆಚ್ಚಿಸಿ ಎಂದರು. ಅಪ್ಪ ಹೆಚ್ಚಿಸಿದರು.

ಆಸ್ಪತ್ರೆಯಲ್ಲಿ ಎಕ್ಸ್‌ರೇಗೆ ಸರದಿ ಸಿಗಲು ದಿನಗಳು ಹಿಡಿದವು. ಆಮೇಲೆ ಸುಣ್ಣದ ನೀರಿನಂಥದ್ದನ್ನು ಕುಡಿಸಿ ಚಿತ್ರ ತೆಗೆದರು. ಸರಿಯಾಗಿ ಕಾಣಲಿಲ್ಲ ಎಂದು ಇನ್ನೊಂದು ಸಲ ಕರೆದರು. ನಂತರ ವಾರ್ಡಿಗೆ ಸೇರಿಸಿಕೊಂಡು ನೋಡೋಣ ಎಂದರು. ಅಲ್ಲಿಗೆ ಬರಣಿ ಒಯ್ಯುವ ಹಾಗಿರಲಿಲ್ಲ. ಆಸ್ಪತ್ರೆಯ ಬ್ರೆಡ್ಡು ಹಾಲು ಹೊಟ್ಟೆಗೆ ಬಿದ್ದು ನಾಲ್ಕಾರು ದಿನಗಳಲ್ಲಿ ಎಲ್ಲ ಮಾಮೂಲಿ ಬಣ್ಣಕ್ಕೆ ತಿರುಗಿತು. ಕೊನೆಗೆ ಹುಣ್ಣೂ ಇಲ್ಲ, ಏನೂ ಇಲ್ಲ ಎಂದು ಬರೆದು ಕಳಿಸಿದರು. ಅಷ್ಟರಲ್ಲಿ ನಿವೃತ್ತಿಯ ದಿನ ಕಳೆದುಹೋಗಿತ್ತು. ಅಪ್ಪನ ಜಾಗಕ್ಕೆ ಬೇರೆಯವರು ಬಂದು ಗ್ರೀಸು ಬಳಿಸುತ್ತಿದ್ದರು. ಬೀಳ್ಕೊಡುಗೆಯ ಹಾರವನ್ನು ನಾಲ್ಕು ಜನ ಆಸ್ಪತ್ರೆಗೇ ತಂದು, ಮಲಗಿದ್ದವರ ಕೊರಳಿಗೆ ಹಾಕುವುದು ಸರಿಯಲ್ಲವೆಂದು ಮಂಚದ ಕಂಬಿಗೆ ನೇತುಹಾಕಿ ಹೋದರು.

ವರದಿ ಹಿಡಿದುಕೊಂಡು ಕಾರ್ಖಾನೆಯ ಡಾಕ್ಟರ ಹತ್ತಿರ ನಾನೇ ಹೋದೆ. ಇನ್ನೂ ಏನಾದರೂ ದಾರಿ ಇದೆಯೇನೋ ಎಂಬ ಆಸೆ. ಅವರು ವರದಿಯನ್ನು ಓದಿ ತಲೆ ಕೆರೆದುಕೊಂಡರು.

"ವಿಚಿತ್ರವಾಗಿದೆಯಲ್ಲಮ್ಮ. ನಿಮ್ಮ ತಂದೆ ಏನೂ ತಗೊಳ್ತಿರಲಿಲ್ಲ ತಾನೇ?"

"ಮಾತ್ರೆ ಏನಿಲ್ಲ ಸಾರ್. ಮನೇಲಿ ಮಾಡಿದ ನೆಲ್ಲಿಕಾಯಿ ಲೇಹ್ಯ ತಿಂತಿದ್ರು."

"ಯಾವ ಪಾತ್ರೇಲಿ ಮಾಡಿದ್ದು?"

ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನೆಲ್ಲಿಕಾಯಿಯ ಹುಳಿಗೆ ಬಾಣಲೆಯ ಕಬ್ಬಿಣ ಕರಗಿ ಅದರಲ್ಲಿ ಸೇರುತ್ತದೆ, ಹಾಗೆ ಕಬ್ಬಿಣ ಹೊಟ್ಟೆಗೆ ಹೋದರೆ ಮಲ ಕಪ್ಪಗಾಗುತ್ತದೆ, ಅದು ಕಾಯಿಲೆಯೇ ಅಲ್ಲ ಎಂದು ಬಿಡಿಸಿ ಹೇಳಿದರು. ಅಂದರೆ ತುಕ್ಕು ಬಿಡಿಸಲೆಂದು ಅಪ್ಪ ಎರಡು ಹೊತ್ತು ತಿಂದದ್ದು ಕಬ್ಬಿಣವನ್ನೇ.

"ಅವತ್ತು ಇದೊಂದು ಮಾತು ಹೇಳಿದ್ರೆ ಅಲ್ಲೇ ಸೈನ್ ಹಾಕ್ತಿದ್ನಲ್ಲಮ್ಮ. ಮಿಕ್ಕಿದ್ದೆಲ್ಲ ಅಷ್ಟು ಚೆನ್ನಾಗಿತ್ತು" ಎಂದರು. ಈಗ ಏನೂ ಮಾಡುವ ಹಾಗಿಲ್ಲ ಎಂದೂ ಹೇಳಿದರು.

ಮನೆಗೆ ಬಂದು ಎಲ್ಲವನ್ನೂ ಹೇಳಿಬಿಟ್ಟೆ. ಮುಚ್ಚಿಡಬೇಕೆಂದು ನನಗೆ ಅನ್ನಿಸಲೇ ಇಲ್ಲ. ಅಷ್ಟು ಕೋಪ ಬಂದಿತ್ತು. ನಾಳೆಯೇ ಯಶವಂತಪುರಕ್ಕೆ ಹೋಗಿ ಆ ಬಾಣಲೆಯನ್ನು ಚಿಕ್ಕಪ್ಪನ ಬಾಗಿಲಲ್ಲಿ ಕುಕ್ಕಿ ಬರುತ್ತೇನೆ ಎಂದೆ. ಅಪ್ಪ ಕಟ್ಟೆಯ ಮೇಲೆ ಕೂತು ಪೂರ್ತಿ ಕೇಳಿದರು.

"ಡಾಕ್ಟರು ಅದನ್ನ ಎಲ್ಲಾದ್ರೂ ಬರ್ಕೊಂಡ್ರಾ?" ಎಂದರು.

"ಇಲ್ಲ."

"ಹಂಗಾದ್ರೆ ಯಾರಿಗೂ ಹೇಳ್ಬೇಡ. ನಿಮ್ ಚಿಕ್ಕಪ್ಪಂಗೂ ಬೇಡ. ಅವನಿಗೆ ಗೊತ್ತಾದ್ರೆ ಊರಿಗೆಲ್ಲ ಗೊತ್ತಾಗುತ್ತೆ. ಫ್ಯಾಕ್ಟ್ರೀಲಿ ಎಲ್ಲಾ ಹೊಟ್ಟೇಲಿ ಹುಣ್ಣು ಅಂದ್ಕೊಂಡಿದಾರೆ, ಹಂಗೇ ಇರ್ಲಿ. ಯೌವನದ ಆಸೆಗೆ ಲೇಹ್ಯ ತಿಂದು ಕೆಲಸ ಕಳ್ಕೊಂಡ ಅನ್ಸ್ಕೊಳೋದಕ್ಕಿಂತ ಕಾಯಿಲೆಯವನು ಅನ್ನಿಸ್ಕೊಳೋದು ವಾಸಿ."

ಅವತ್ತಿನಿಂದ ಅಪ್ಪನಿಗೆ ಹುಣ್ಣಾಯಿತು. ಇಲ್ಲದ ಹುಣ್ಣನ್ನು ಅವರು ಯಂತ್ರ ನೋಡಿಕೊಂಡಷ್ಟೇ ಶ್ರದ್ಧೆಯಿಂದ ನೋಡಿಕೊಂಡರು. ಯಾರಾದರೂ ಮನೆಗೆ ಬಂದರೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂರುವರು. ಕಾಫಿ ಬಿಟ್ಟರು. ಅಮ್ಮ ಅವರಿಗೆಂದು ಖಾರವಿಲ್ಲದ ಸಾರನ್ನು ಬೇರೆ ಮಾಡತೊಡಗಿದಳು, ಏಕೆಂದರೆ ಯಾರು ಯಾವಾಗ ಬಂದು ತಟ್ಟೆ ನೋಡುತ್ತಾರೋ ಗೊತ್ತಿಲ್ಲ. ಸಪ್ಪೆ ತಿಂದು ತಿಂದು ಮೈ ಇಳಿಯಿತು, ಬೆನ್ನು ಬಾಗಿತು, ನಡಿಗೆ ನಿಧಾನವಾಯಿತು. ಎರಡೇ ವರ್ಷದಲ್ಲಿ ಅಪ್ಪ ಮುದುಕರಾದರು. ಅವರನ್ನು ಮುದುಕರನ್ನಾಗಿ ಮಾಡಿದ್ದು ತುಕ್ಕಲ್ಲ, ನಾಚಿಕೆ. ಅದಕ್ಕೆ ಕಾರಣರಾದ ಚಿಕ್ಕಪ್ಪ ಮಾತ್ರ ತಿಂಡಿಯ ಹೊತ್ತಿಗೆ ಬರುತ್ತಲೇ ಇದ್ದರು. ಆಸ್ಪತ್ರೆಯಲ್ಲಿ ಏನೂ ಕಾಣಲಿಲ್ಲ ಎಂದರೆ ಹುಣ್ಣನ್ನು ವಾಸಿ ಮಾಡಿದ್ದು ತಮ್ಮ ಲೇಹ್ಯವೇ ಎಂದು ಅವರು ಎಲ್ಲರಿಗೂ ಹೇಳಿಕೊಂಡು ತಿರುಗಿದರು. ನಾನು ಎದ್ದು ಒಳಗೆ ಹೋಗುತ್ತಿದ್ದೆ. ಅಪ್ಪನಿಗೆ ಕೊಟ್ಟ ಮಾತಿಗಾಗಿ ಬಾಯಿ ಮುಚ್ಚಿಕೊಂಡೆನೇ ಹೊರತು ಚಿಕ್ಕಪ್ಪನ ಮೇಲಿನ ಮರ್ಯಾದೆಗಾಗಿ ಅಲ್ಲ.

ಆ ದಿನಗಳಲ್ಲೇ ಯಲಹಂಕದಲ್ಲಿ ಒಂದು ಮದುವೆ. ಅಪ್ಪನ ಹಳೆಯ ಸಹೋದ್ಯೋಗಿಯ ಮಗಳದ್ದು. ಪಂಕ್ತಿಯಲ್ಲಿ ಅಪ್ಪ, ಅವರ ಪಕ್ಕ ಚಿಕ್ಕಪ್ಪ, ಎದುರು ಸಾಲಿನಲ್ಲಿ ನಾನು. ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ ಬಂತು. ಬಡಿಸುವವರ ಹಿಂದೆ ಕಾರ್ಖಾನೆಯವರೇ ನಿಂತು ಎಲ್ಲರನ್ನೂ ವಿಚಾರಿಸುತ್ತಿದ್ದರು. ಅಪ್ಪ ಎಲೆಯ ಮೇಲೆ ಕೈ ಅಡ್ಡ ಹಿಡಿದರು. "ನಂಗೆ ಬೇಡಪ್ಪ, ಹೊಟ್ಟೇಲಿ ಹುಣ್ಣು. ಮೊಸರನ್ನ ಬಂದ್ರೆ ಹಾಕ್ಸಿ" ಎಂದರು. ಬಜ್ಜಿಯ ತಟ್ಟೆ ಮುಂದಕ್ಕೆ ಹೋಗುವವರೆಗೂ ಅವರ ಕಣ್ಣು ಅದರ ಮೇಲೇ ಇತ್ತು. ಚಿಕ್ಕಪ್ಪ ಆ ಕಡೆಯವರಿಗೆ ದ್ರಾಕ್ಷಿ ಬೀಜದ ಮಹಿಮೆ ಹೇಳುತ್ತ, ನೋಡದೆಯೇ ಎರಡು ಬಜ್ಜಿ ಹಾಕಿಸಿಕೊಂಡರು. ನನಗೆ ಅಳು ಬಂತು, ಅದಕ್ಕಿಂತ ಜಾಸ್ತಿ ಎದ್ದು ಹೋಗಿ ಅವರ ಎಲೆಯನ್ನು ಎಳೆದು ಬಿಸಾಕಬೇಕೆನ್ನಿಸಿತು.

ಅಪ್ಪ ಬಡಿಸುವವರನ್ನು ವಾಪಸು ಕರೆದರು.

"ನಮ್ ತಮ್ಮಂಗೆ ಇನ್ನೊಂದು ಹಾಕಪ್ಪ" ಎಂದರು. "ಅವನಿಗೆ ಇಷ್ಟ."